ತಣ್ಣಗಿದ್ದ ಮಾಡ್ಯೂಲು

ಅಳತೆ ಯಂತ್ರದ ಬೆಲೆಗೆ ಎರಡು ಮನೆ ಕಟ್ಟಬಹುದಿತ್ತು. ಅದಕ್ಕೆ ಸಿಕ್ಕಿಸಿದ್ದ ಬೆರಳುದ್ದದ ಮಾಡ್ಯೂಲಿನ ಬೆಲೆಗೆ ಒಂದು ಸ್ಕೂಟರ್ ಬರುತ್ತಿತ್ತು. ಈ ಮಾಡ್ಯೂಲಿನ ಪರೀಕ್ಷೆ ಮುಗಿದರೆ ಕೆಲಸ ಖಾಯಂ ಎಂದು ಮ್ಯಾನೇಜರ್ ಪರೀಕ್ಷಕಿಗೆ ಮಾತು ಕೊಟ್ಟಿದ್ದರು.

ಮಾಹಿತಿಯನ್ನು ಬೆಳಕಾಗಿಸಿ ಗಾಜಿನ ಎಳೆಯಲ್ಲಿ ಓಡಿಸುವುದು ಆ ಮಾಡ್ಯೂಲಿನ ಕೆಲಸ. ಎರಡು ದಿನ ಓಡಿದರೂ ಪರದೆಯ ಮೇಲೆ ತಪ್ಪುಗಳ ಲೆಕ್ಕ ಸೊನ್ನೆಯೇ ಇತ್ತು. ಸಹಿ ಬಿದ್ದರೆ ಇಂಥ ಸಾವಿರ ಮಾಡ್ಯೂಲು ಲಾರಿ ಹತ್ತುತ್ತವೆ. ಮ್ಯಾನೇಜರ್ ಪೆನ್ನು ತೆಗೆದರು. ಅವಳಿಗೆ ಮಾತ್ರ ನಿಂತಲ್ಲಿ ನಿಲ್ಲಲಾಗಲಿಲ್ಲ. ಇಷ್ಟು ವೇಗದಲ್ಲಿ ಎಂಥ ಒಳ್ಳೆಯ ಮಾಡ್ಯೂಲೂ ಒಂದೆರಡು ಸಲ ಎಡವುತ್ತದೆ. ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ಅದರ ಮೇಲೆ ಕೈಯಿಟ್ಟಳು.

“ಏನಮ್ಮಾ, ಜ್ವರ ಬಂದಿದೆಯಾ ಅದಕ್ಕೆ?” ಮ್ಯಾನೇಜರ್ ನಕ್ಕರು.

“ಇಲ್ಲ ಸಾರ್, ಅದೇ ತೊಂದರೆ. ಕೆಲಸ ಮಾಡ್ತಿದ್ರೆ ಕೈ ಸುಡಬೇಕಿತ್ತು.”

ಆಗ ಅವಳಿಗೆ ನೆನಪಾಯಿತು. ಮೊನ್ನೆ ಯಂತ್ರ ಸರಿಯಿದೆಯೇ ಎಂದು ನೋಡಲು, ಅದು ಕಳಿಸಿದ್ದನ್ನು ಮಾಡ್ಯೂಲಿಗೆ ಕೊಡದೆ ಅದೇ ಓದಿಕೊಳ್ಳುವ ಹಾಗೆ ಇಟ್ಟಿದ್ದಳು, ಬದಲಿಸಲು ಮರೆತಿದ್ದಳು. ಎರಡು ದಿನ ಯಂತ್ರ ತನ್ನ ಬೆನ್ನು ತಾನೇ ತಟ್ಟಿಕೊಂಡಿತ್ತು. ಪರದೆಯ ಮೇಲಿನ ಆ ಸೆಟ್ಟಿಂಗನ್ನು ಮ್ಯಾನೇಜರಿಗೆ ತೋರಿಸಿದಳು.

“ಯಾರು ಮಾಡಿದ್ದು ಈ ಕೆಲಸ?”

“ನಾನೇ ಸಾರ್.”

ಅವಳು ಸೆಟ್ಟಿಂಗ್ ಬದಲಿಸಿದಳು. ಮಾಡ್ಯೂಲು ಬಿಸಿಯಾಗತೊಡಗಿತು, ನಿಮಿಷದೊಳಗೆ ತಪ್ಪುಗಳು ನಾಲ್ಕು ಸಾವಿರ ದಾಟಿದವು. ಮ್ಯಾನೇಜರ್ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ಖಾಯಂ ಕೆಲಸದ ಮಾತೂ ಅದರ ಜೊತೆಗೇ ಜೇಬು ಸೇರಿತು. ಲಾರಿ ಮಾತ್ರ ಖಾಲಿಯಾಗಿಯೇ ಹೊರಟಿತು.