ಬಗ್ಗದ ಕಡ್ಡಿ

ಕಡ್ಡಿ ಅಲುಗಲಿಲ್ಲ.

ಸಿದೋನಿ ಗುಡ್ಡದ ಮೇಲಿನ ಹುಲ್ಲುಗಾವಲನ್ನು ಮತ್ತೊಮ್ಮೆ ಅಡ್ಡಹಾಯ್ದಳು. ಹಸಿ ಹೇಜಲ್ ಕೊಂಬೆಯ ಕವೆ. ಎರಡು ಕವಲೂ ಅವಳ ಮುಷ್ಟಿಯಲ್ಲಿ, ಮೂತಿ ಆಕಾಶಕ್ಕೆ. ಅಡಿಯಲ್ಲಿ ನೀರಿದ್ದರೆ ಆ ಮೂತಿ ನೆಲಕ್ಕೆ ತಿರುಗಬೇಕು. ಜೋರು ಸೆಲೆಯಾದರಂತೂ ಹಿಡಿದವರ ಮುಷ್ಟಿಯೊಳಗೇ ಸಿಪ್ಪೆ ಸುಲಿದುಬರುತ್ತದೆ. ಇಲ್ಲಿ ಏನೂ ಇಲ್ಲ. ಮುದುಕಿಯ ತೋಳು ನಡುಗುತ್ತಿತ್ತು, ಅಷ್ಟೇ.

ಬೇಲಿಯ ಬಳಿ ನಿಂತ ಫ್ಲಾವಿಗೆ ಸಂಕಟವಾಯಿತು. ಬೆಳಿಗ್ಗೆ ಇದೇ ಗೆಳತಿಯೊಡನೆ ಚೆನ್ನಾಗಿ ಜಗಳವಾಡಿದ್ದಳು.

"ಊರ ಚಿಲುಮೆಗೆ ನೀರು ಬರೋದು ಆ ಮೇಲಿನ ಗುಡ್ಡದಿಂದ. ಅಲ್ಲಿ ಬಾವಿ ತೋಡಿ ಪಂಪು ಹಾಕಿದ್ರೆ ನಾವು ಮಣ್ಣು ತಿನ್ನಬೇಕಾ? ಆ ದೆಲ್ಮಾಸ್‌ಗೆ ನೀರು ತೋರಿಸ್ತೀಯಾ? ನಾಚಿಕೆ ಆಗಲ್ವೇನೇ ನಿನಗೆ?"

"ಕರೆದಿದ್ದಾರೆ, ಹೋಗ್ತೀನಿ" ಎಂದಿದ್ದಳು ಸಿದೋನಿ.

ಈಗ ನೋಡಿದರೆ ತೋರಿಸುವ ಶಕ್ತಿಯೇ ಹೋದಂತಿತ್ತು. ಸುತ್ತಲಿನ ಬಾವಿಗಳೆಲ್ಲ ಅವಳು ಗೂಟ ನೆಟ್ಟಲ್ಲೇ ತೋಡಿದವು. ಅವಳ ಬದುಕೆಲ್ಲ ಆ ಹೆಸರೊಂದರ ಮೇಲೆಯೇ ನಿಂತಿತ್ತು.

ಲಿಯೋನ್ ಪಟ್ಟಣದಿಂದ ಬಂದು ಗುಡ್ಡ ಕೊಂಡ ಸಾಹುಕಾರ ದೆಲ್ಮಾಸ್‌ಗೆ ಮೀನಿನ ಕೊಳಗಳಿಗೆ ನೀರು ಬೇಕಿತ್ತು. ಅವನು ನಕ್ಕುಬಿಟ್ಟ. "ಕೈ ಸೋತಿದೆ ಕಣಜ್ಜಿ. ಮನೇಲಿ ಕೂತು ಸ್ವೆಟರ್ ಹೆಣಿ."

"ಹೆಣೀತೀನಿ ಬಿಡಿ. ಆದ್ರೆ ಎಲ್ಲರೂ ಕೇಳಿಸ್ಕೊಳ್ಳಿ: ಇದು ಒಣನೆಲ. ನಿಮ್ಮ ಮುಂದೆ ನನ್ನ ಕಡ್ಡಿ ಬಗ್ಗಲ್ಲ, ಸಾಹುಕಾರ್ರೇ."

ಬಾವಿ ತೋಡುವವರು ಹಾರೆ, ಗುದ್ದಲಿಗಳನ್ನು ಗಾಡಿಗೆ ಹಾಕಿದರು. ಜಲ ನೋಡುವವರು ಒಮ್ಮೆ ಒಣ ಎಂದ ನೆಲಕ್ಕೆ ಈ ಸೀಮೆಯಲ್ಲಿ ಯಾರೂ ಹಾರೆ ಹಾಕುವುದಿಲ್ಲ. ದೆಲ್ಮಾಸ್ ಕೂಗಾಡಿದ, ದುಪ್ಪಟ್ಟು ಕೂಲಿ ಎಂದ. ಗಾಡಿ ಹೊರಟೇಬಿಟ್ಟಿತು.

"ಹೋಗು, ಇನ್ನು ನಿನ್ನನ್ನ ಯಾವನೂ ಕರೆಯಲ್ಲ" ಎಂದು ಅಣಕಿಸುತ್ತ ಅವನು ಕೈಕುಲುಕಲು ಕೈ ಚಾಚಿದ. ಸಿದೋನಿ ಎರಡೂ ಮುಷ್ಟಿಗಳನ್ನು ಕಡ್ಡಿಯ ಸಮೇತ ಏಪ್ರನ್ನಿನ ಜೇಬಿಗೆ ತುರುಕಿಕೊಂಡು ನಡೆದಳು. ಎಂಥ ಸೊಕ್ಕು ಎಂದುಕೊಂಡಳು ಫ್ಲಾವಿ.

ಬೇಲಿಯ ಬಾಗಿಲ ಬಳಿ ಸಿದೋನಿ ನಿಂತು ಫ್ಲಾವಿಯತ್ತ ನೋಡಿದಳು. "ಅಗಳಿ ನೀನೇ ತೆಗಿ."

ಗಾಡಿಯವರ ಬಾಯಿಂದ ಸುದ್ದಿ ಆಗಲೇ ಊರು ಮುಟ್ಟಿತ್ತು; ದಾರಿಯುದ್ದಕ್ಕೂ ಊರವರು ನಕ್ಕರು. ಕಟುಕನ ಹೆಂಡತಿಯಂತೂ "ಇನ್ನು ನಮ್ಮ ಬಾವೀಲಿರೋದು ನೀರೇ ಹೌದೋ ಅಲ್ವೋ ನೋಡ್ಬೇಕಪ್ಪಾ!" ಎಂದಳು. ಸಿದೋನಿ ತಲೆ ತಗ್ಗಿಸಲಿಲ್ಲ. ಫ್ಲಾವಿಗೆ ಅಳುವೇ ಬಂತು. "ವಯಸ್ಸಾಯ್ತಲ್ಲೇ ನಮಗೆ. ಹೋಗಲಿ ಬಿಡು."

ಚಿಲುಮೆ ಎಂದಿನಂತೆ ಧೋ ಎಂದು ಸುರಿಯುತ್ತಿತ್ತು. ಸಿದೋನಿ ಒಂದು ಗಳಿಗೆ ಅದನ್ನೇ ನೋಡಿದಳು. ಆಮೇಲೆ ಪಕ್ಕದ ಬಟ್ಟೆ ಒಗೆಯುವ ತೊಟ್ಟಿಗೆ ಬಗ್ಗಿ, ಜೇಬಿನಿಂದ ಕೈ ತೆಗೆದು, ನೀರಿನಲ್ಲಿ ಮೆಲ್ಲಗೆ ಮುಷ್ಟಿ ಬಿಚ್ಚಿದಳು.

ಸಿಪ್ಪೆಯೆಲ್ಲ ತಿರುಚಿ ಸುಲಿದುಹೋದ ಬೆತ್ತಲೆ ಕಡ್ಡಿ ತೇಲಿತು. ಅದರ ಹಿಂದೆಯೇ ಅವಳ ಅಂಗೈಯ ರಕ್ತ.