ಮೆಟ್ಟಿಲಿಲ್ಲದ ಕೋಟೆಗಳು

“ಶಾಂಬೋರ್ ಬೇಡ,” ಎಂದು ರೆಜಿಸ್ ಕೋಟೆಗಳ ಪಟ್ಟಿಯಲ್ಲಿದ್ದ ಹೆಸರಿನ ಮೇಲೆ ಗೆರೆ ಎಳೆದ. “ಅಲ್ಲಿ ಬರೀ ಮೆಟ್ಟಿಲು.”

“ಮೆಟ್ಟಿಲು ಯಾರಿಗೆ ಕಷ್ಟನೋ?” ಎಂದಳು ಅವನ ತಾಯಿ ಯುಗೆತ್. “ದಿನಾ ಬ್ರೆಡ್ ತಗೊಂಡು ಮೂರನೇ ಮಹಡಿಗೆ ಹತ್ತೋಳು ನಾನು. ಎಪ್ಪತ್ತೊಂಬತ್ತಾಯ್ತು, ಒಂದು ದಿನ ಮಧ್ಯದಲ್ಲಿ ಕೂತಿದ್ದು ನೋಡಿದೀಯ?”

“ಇಲ್ಲಮ್ಮ. ಆದ್ರೂ ಬೇಡ.”

ಸೊಸೆ ಸೊಲೆನ್ ತಟ್ಟೆಗಳನ್ನು ಎತ್ತಿಕೊಂಡು ಹೋದಳು. ಊಟದ ಕೊನೆಗೆ ಬರಬೇಕಾದ ಚೀಸ್ ಇನ್ನೂ ಮೇಜಿಗೆ ಬಂದೇ ಇರಲಿಲ್ಲ. ಚೀಸ್ ತಿನ್ನದೆ ತಟ್ಟೆ ಎತ್ತುವ ಮನೆಯಲ್ಲಿ ಏನೋ ನಡೆಯುತ್ತಿದೆ ಎಂದೇ ಅರ್ಥ.

ಅಮಿಯಾಂ ಊರಿನ ಈ ದೆಲಾತ್ರ್ ಕುಟುಂಬದಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಬೇಸಿಗೆ ಲ್ವಾರ್ ನದಿಯ ಕಡೆಗೆ ಕಾರಿನಲ್ಲಿ ಹೊರಡುವ ಮುನ್ನ ತಲೆಗೊಂದು ಕೋಟೆ ಆರಿಸಬೇಕು. ಒಬ್ಬರು ಆರಿಸಿದ್ದನ್ನು ಇನ್ನೊಬ್ಬರು ಬೇಡವೆನ್ನುವಂತಿಲ್ಲ. ಯುಗೆತ್‌ಳ ಗಂಡ ಬದುಕಿದ್ದಾಗ ಮಾಡಿದ ನಿಯಮ. ಅದಕ್ಕಾಗಿ ಒಂದೇ ಹಾಳು ಗೋಪುರವನ್ನು ನಾಲ್ಕು ವರ್ಷ ನೋಡಿದ್ದುಂಟು. ಈ ಸಲ ಮಗ ಒಬ್ಬನೇ ಪೆನ್ನು ಹಿಡಿದು ಕೂತಿದ್ದ. ಪ್ರತಿ ವರ್ಷ ತನ್ನ ಕೋಟೆಗಾಗಿ ಊರು ಒಂದು ಮಾಡುತ್ತಿದ್ದ ಹನ್ನೆರಡರ ಮೊಮ್ಮಗಳು ಮಾಯೆಲ್ ಕೂಡ “ಅಪ್ಪ ಹೇಳಿದ್ದೇ ಸರಿ” ಎಂದುಬಿಟ್ಟಳು.

“ಹಾಗಾದ್ರೆ ನನ್ನದು ಆಂಜೇ,” ಎಂದಳು ಯುಗೆತ್.

“ದೂರ ಆಯ್ತಮ್ಮ. ನಡೆಯೋದೂ ಜಾಸ್ತಿ.” ಇನ್ನೊಂದು ಗೆರೆ. “ವಿಲಾಂದ್ರಿಗೆ ಹೋಗೋಣ, ತೋಟ ಸಮತಟ್ಟಾಗಿದೆ. ಶೆನೊನ್ಸೋದಲ್ಲಿ ಕೆಳಗಿನ ಅಂತಸ್ತು ಮಾತ್ರ ನೋಡೋಣ. ಕೊನೆಗೆ ಲೋಶ್.”

ಯುಗೆತ್ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ಲೋಶ್ ಊರಾಚೆಯ ಆರೈಕೆಮನೆಯೊಂದರಲ್ಲಿ ಸೊಲೆನ್‌ಳ ಅಕ್ಕ ಬ್ರಿಜಿತ್ ನರ್ಸ್ ಆಗಿದ್ದಳು. ಅದರ ಒಳಗೆ ಹೋದವರು ಮನೆಗೆ ಮರಳಿದ ಸುದ್ದಿಯನ್ನು ಯುಗೆತ್ ಈವರೆಗೆ ಕೇಳಿರಲಿಲ್ಲ.

“ಲೋಶ್‌ನಲ್ಲೂ ಮೆಟ್ಟಿಲಿದೆಯಲ್ಲೋ?”

“ಅಲ್ಲಿ ಹತ್ತೋದಿಲ್ಲಮ್ಮ,” ಎಂದ ರೆಜಿಸ್. ಅವಳ ಮುಖ ನೋಡಿ ಹೇಳಲಿಲ್ಲ.

ಅನುಮಾನ ಇಂದಿನದಲ್ಲ. ಹೋದ ವಾರ ಸೊಲೆನ್ ಅಡುಗೆಮನೆಯಲ್ಲಿ ಪಿಸುದನಿಯಲ್ಲಿ ಫೋನು ಮಾಡುತ್ತಿದ್ದಳು: “ನೆಲಮಹಡಿ ಆದ್ರೆ ಒಳ್ಳೇದು ಅಕ್ಕ, ತೋಟದ ಕಡೆ ಕಿಟಕಿ ಇರ್ಲಿ. ಇಪ್ಪತ್ತನೇ ತಾರೀಖು ಬರ್ತೀವಿ. ಇಲ್ಲ, ಅತ್ತೆಗಿನ್ನೂ ಹೇಳಿಲ್ಲ.” ಮರುದಿನ ಗುಂಡಿ ಹುಡುಕಲು ಹೊಲಿಗೆ ಡಬ್ಬಿ ತೆರೆದರೆ, ದೆಲಾತ್ರ್ ಎಂದು ನೇಯ್ದ ಪುಟ್ಟ ಬಟ್ಟೆಪಟ್ಟಿಗಳ ಕಟ್ಟು. ಬಟ್ಟೆಗೆ ಹೆಸರು ಹೊಲಿಯುವುದು ಎರಡೇ ಸಂದರ್ಭದಲ್ಲಿ. ಮಕ್ಕಳನ್ನು ಬೇಸಿಗೆ ಶಿಬಿರಕ್ಕೆ ಕಳಿಸುವಾಗ, ಇಲ್ಲವೇ ಮುದುಕರನ್ನು ಅಂಥ ಮನೆಗೆ ಸೇರಿಸುವಾಗ. ಮಾಯೆಲ್ ಈ ವರ್ಷ ಶಿಬಿರಕ್ಕೆ ಹೋಗುತ್ತಿರಲಿಲ್ಲ.

ಕೇಳಿಬಿಡಬಹುದಿತ್ತು. ಕೇಳಿದರೆ ನಿಜವಾಗಿಬಿಡುತ್ತದೆಂದು ಯುಗೆತ್ ಬಾಯಿ ಹೊಲಿದುಕೊಂಡಳು.

ಹದಿನೆಂಟರಂದು ಹೊರಟರು. ಸ್ಟಿಯರಿಂಗನ್ನು ಯಾರ ಕೈಗೂ ಕೊಡದಿದ್ದ ರೆಜಿಸ್ ಈ ಸಲ ಪಕ್ಕದ ಸೀಟಿನಲ್ಲಿ ಕೂತ, ಸೊಲೆನ್ ಕಾರು ಓಡಿಸಿದಳು. ಹೆತ್ತವಳನ್ನು ತನ್ನ ಕೈಯಾರೆ ಅಲ್ಲಿಗೆ ಸಾಗಿಸುವ ಧೈರ್ಯ ಇವನಿಗಿಲ್ಲ ಎಂದುಕೊಂಡಳು ಹಿಂದೆ ಕೂತ ಯುಗೆತ್. ಗಂಟೆಗೊಮ್ಮೆ ಕಾರು ನಿಲ್ಲುತ್ತಿತ್ತು. “ಅಮ್ಮ, ಸ್ವಲ್ಪ ಸುಧಾರಿಸ್ಕೊಳ್ಳೋಣ.” ಅವಳಿಗೇನೂ ದಣಿವಿರಲಿಲ್ಲ. ಈ ಉಪಚಾರ ಅವಳ ಮೈ ಉರಿಸುತ್ತಿತ್ತು.

ವಿಲಾಂದ್ರಿಯಲ್ಲಿ ತರಕಾರಿ ಮಡಿಗಳನ್ನು ನೋಡುತ್ತ ತಾಯಿ ಮಗ ಒಂದೇ ಬೆಂಚಿನ ಮೇಲೆ ಗಂಟೆಗಟ್ಟಲೆ ಕೂತರು. ಮಾಯೆಲ್ ಇಬ್ಬರದೂ ಫೋಟೋ ತೆಗೆದೇ ತೆಗೆದಳು. ಶೆನೊನ್ಸೋ ಬಳಿ ನದಿಯ ದಂಡೆಯಲ್ಲಿ ಬುತ್ತಿ ಬಿಚ್ಚಿದಾಗ ರೆಜಿಸ್ ತನ್ನ ಪಾಲಿನ ಹಂದಿಮಾಂಸದ ಬ್ರೆಡ್ಡನ್ನು ಮಗಳಿಗೆ ದಾಟಿಸಿದ.

“ಗಂಟಲಲ್ಲಿ ಇಳೀತಿಲ್ವೇನೋ?” ಎಂದು ಕೆಣಕಿದಳು ಯುಗೆತ್.

“ಇಲ್ಲಮ್ಮ.”

“ಇಳಿಯಲ್ಲ ಬಿಡು. ಮಾಡೋ ಕೆಲಸ ಹಾಗಿದೆ.”

ಸೊಲೆನ್ ಏನೋ ಹೇಳಲು ಹೊರಟಳು. ರೆಜಿಸ್ ಅವಳ ಕೈ ಅದುಮಿದ. “ಇವತ್ತೊಂದು ದಿನ ಬಿಡು,” ಎಂದ.

ಇಪ್ಪತ್ತರಂದು ಕಾರು ಲೋಶ್‌ನ ಕೋಟೆಯ ಕಡೆಗೆ ತಿರುಗಲಿಲ್ಲ. ಊರು ದಾಟಿ, ಸಾಲುಮರಗಳ ನಡುವೆ ಹೋಗಿ ಬಿಳಿಯ ಕಟ್ಟಡದ ಮುಂದೆ ನಿಂತಿತು. ಸೊಲೆನ್ ಇಳಿದು ಒಳಗೆ ಓಡಿದಳು. ಮಾಯೆಲ್ ಮುಖ ಮುಚ್ಚಿಕೊಂಡು ಬಿಕ್ಕಳಿಸತೊಡಗಿದಳು.

“ಅಮ್ಮ, ನಿಂಗೊಂದು ಮಾತು ಹೇಳ್ಬೇಕು,” ಎಂದ ರೆಜಿಸ್. “ಎರಡು ತಿಂಗಳಿಂದ ಹೇಳೋಕೆ ನೋಡ್ತಿದೀನಿ...”

“ಏನೂ ಹೇಳ್ಬೇಡ! ನಂಗೆಲ್ಲಾ ಗೊತ್ತು.” ತಡೆದಿಟ್ಟದ್ದೆಲ್ಲ ಒಮ್ಮೆಲೇ ಹೊರಗೆ ಬಂತು. “ಮೂರು ದಿನ ಊರು ಸುತ್ತಿಸಿ, ಮುದ್ದು ಮಾಡಿ, ಇಲ್ಲಿ ತಂದು ಬಿಸಾಡೋಕೆ ನಾಚಿಕೆ ಆಗ್ಲಿಲ್ವಾ? ಒಂದು ಮಾತು ನೆನಪಿಟ್ಕೋ ರೆಜಿಸ್. ನೀನೂ ಒಂದು ದಿನ ಇಂಥ ಹಾಸಿಗೇಲೇ ಬೀಳ್ತೀಯ. ಬೀಳ್ಬೇಕು. ಆಗ ಗೊತ್ತಾಗುತ್ತೆ ನಿಂಗೆ.”

ಅವನು ತಿರುಗಿ ಅವಳನ್ನು ನೋಡಿದ. ಅವನ ಕೆನ್ನೆಯ ಮೂಳೆಗಳು ಇಷ್ಟು ಎದ್ದು ಕಾಣುವುದನ್ನು ಯುಗೆತ್ ಅದುವರೆಗೆ ಗಮನಿಸಿರಲಿಲ್ಲ.

“ಹೌದಮ್ಮ,” ಎಂದ ಅವನು ಮೆಲ್ಲಗೆ.

ಬ್ರಿಜಿತ್ ಗಾಲಿಕುರ್ಚಿ ತಳ್ಳಿಕೊಂಡು ಬರುತ್ತಿದ್ದಳು. ಕುರ್ಚಿಯೊಂದು ಬೇರೆ ಕೇಡು ಎಂದುಕೊಂಡ ಯುಗೆತ್ ಕೈಚೀಲವನ್ನು ಎದೆಗವಚಿಕೊಂಡು, ನೆಟ್ಟಗೆ ಕೂತು, ತನ್ನ ಪಕ್ಕದ ಬಾಗಿಲು ತೆರೆಯುವುದನ್ನೇ ಕಾದಳು.

ಕುರ್ಚಿ ಅವಳ ಬಾಗಿಲನ್ನು ದಾಟಿ ಮುಂದೆ ಹೋಯಿತು. ಬ್ರಿಜಿತ್ ಮುಂದಿನ ಬಾಗಿಲು ತೆರೆದು, ರೆಜಿಸ್‌ನ ಕಂಕುಳಿಗೆ ಕೈಕೊಟ್ಟು ಎತ್ತುತ್ತ, “ಬಾಪ್ಪ, ನಿನ್ನ ಹಾಸಿಗೆ ಸಿದ್ಧವಾಗಿದೆ” ಎಂದಳು.