ಒಳ್ಳೆಯ ಡಿಕೋಡರ್

"ಸುಟ್ಟೇ ಹೋಯ್ತು ಅರ್ಕಮ್ ಭಾಯ್. ಬೇಕಾದ್ರೆ ಮೂಸಿ ನೋಡಿ," ಎಂದು ಅಬ್ದುಲ್ಲ ಕುಂಞಿ ಗೇಣುದ್ದದ ರೈಲು ಎಂಜಿನ್ನನ್ನು ಕೌಂಟರಿನ ಮೇಲಿಟ್ಟ. ಇಳಿಹೊತ್ತಿನ ಅಸರ್ ನಮಾಝ್ ಮುಗಿದು ಸೌದಿಯ ಖಮೀಸ್ ಮುಶೈತಿನ ಆ ಆಟಿಕೆ ಅಂಗಡಿಯ ಶಟರ್ ಅರ್ಧ ಏರಿತ್ತಷ್ಟೆ. ಪೂರ್ತಿ ಏರುವ ತನಕ ಕಾಯಲಾಗದೆ ಅವನು ಬಗ್ಗಿಕೊಂಡೇ ಒಳಗೆ ಬಂದಿದ್ದ.

ಭಟ್ಕಳದ ಅರ್ಕಮ್ ಮೂಸುವ ಗೋಜಿಗೆ ಹೋಗಲಿಲ್ಲ. ಎಂಜಿನ್ನಿನ ಮುಚ್ಚಳ ಬಿಚ್ಚಿ, ಉಗುರಿನಗಲದ ಒಂದು ಕರಕಲು ಚೂರನ್ನು ಚಿಮುಟದಲ್ಲಿ ಎತ್ತಿದ. ಅದೇ ಡಿಕೋಡರ್. ಮೊಬೈಲಿನಿಂದ ಹೊರಟ ಅಪ್ಪಣೆ ಹಳಿಯ ಮೂಲಕ ಬಂದಾಗ ಅದನ್ನು ಓದಿ, ಹೊರಡು, ನಿಲ್ಲು, ಮೆಲ್ಲಗೆ ಹೋಗು ಎಂದು ಮೋಟಾರಿಗೆ ಹೇಳುವುದು ಅದರ ಕೆಲಸ.

"ಆನ್‌ಲೈನಲ್ಲಿ ತರಿಸಿದ್ರಿ ಅಲ್ವಾ? ನಾನು ಆವತ್ತೇ ಬೇಡ ಅಂದಿದ್ದೆ. ಸಸ್ತಾ ಮಾಲು ಹೀಗೇ ಕೈ ಕೊಡುದು, ಮಾರಾಯ್ರೆ."

"ತಪ್ಪಾಯ್ತು. ಈಗ ಒಳ್ಳೇದು ಕೊಡಿ. ಇವತ್ತೇ ಬೇಕು, ಮಗಳು ಕಾಯ್ತಾಳೆ."

ಮಗಳು ದುಆ ಕಾಯುತ್ತಿದ್ದದ್ದು ಉಪ್ಪಿನಂಗಡಿಯಲ್ಲಿ. ಕುಂಞಿ ಖಮೀಸಿನ ಪಕ್ಕದ ಅಭಾ ನಗರದ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವವನು. ಹೆಂಡತಿ ಮಗಳನ್ನು ಕರೆಸಿಕೊಳ್ಳುವಷ್ಟು ದೊಡ್ಡ ಕೆಲಸವಲ್ಲ. ಅವನ ಬಾಡಿಗೆ ಕೋಣೆಯಲ್ಲಿ ಮಂಚ ಬಿಟ್ಟರೆ ಉಳಿದ ಜಾಗವೆಲ್ಲ ಒಂದು ಹಲಗೆ, ಅದರ ಮೇಲೆ ಹಳಿ. ದಿನಾ ಸಂಜೆ ಎಂಟು ವರ್ಷದ ದುಆ ಒಂದು ಮೊಬೈಲಿನಲ್ಲಿ ಅಪ್ಪನ ಕೋಣೆಯನ್ನು ನೋಡುತ್ತ, ಇನ್ನೊಂದರಲ್ಲಿ ಬೆರಳಾಡಿಸುತ್ತ, ಊರಿನಿಂದಲೇ ಆ ರೈಲನ್ನು ಓಡಿಸುತ್ತಿದ್ದಳು. ಹಳಿಗೆ ಧೂಳು ಕೂತಲ್ಲೆಲ್ಲ ಎಂಜಿನ್ನು ನಿಲ್ಲುತ್ತಿತ್ತು. "ಉಪ್ಪಾ, ನಿಂತಿತು! ದೂಡಿ!" ಎಂದು ಅವಳು ಕೂಗುತ್ತಿದ್ದಳು. "ಆ ಸೆಟ್ಟನ್ನು ಯಾರ ಕೈಯಲ್ಲಾದ್ರೂ ಊರಿಗೆ ಕಳಿಸಿಬಿಡಿ" ಎಂದು ಹೆಂಡತಿ ಸಫಿಯತ್ ಹೇಳಿ ಹೇಳಿ ಸೋತಿದ್ದಳು. ಕುಂಞಿ ಪ್ರತಿ ಸಲವೂ ಲಗೇಜಿನ ತೂಕದ ನೆಪ ಹೇಳಿ ಜಾರಿಕೊಳ್ಳುತ್ತಿದ್ದ.

ಅರ್ಕಮ್ ಹೊಸ ಡಿಕೋಡರನ್ನು ಎಂಜಿನ್ನಿನೊಳಗೆ ಸಿಕ್ಕಿಸಿದ. ಅದಕ್ಕೆ ಎರಡು ವಯರಿನಲ್ಲಿ ಒಂದು ಕಪ್ಪು ಕೆಪಾಸಿಟರ್ ಅಂಟಿಕೊಂಡಿತ್ತು, ಕಡಲೆಕಾಳಿನಷ್ಟು ದಪ್ಪ. ಕೌಂಟರಿನ ಮೇಲಿದ್ದ ಪರೀಕ್ಷೆಯ ಹಳಿಗೆ ಅಡ್ಡವಾಗಿ ಕಾಗದದ ಪಟ್ಟಿಯೊಂದನ್ನು ಹಾಸಿ ಎಂಜಿನ್ನನ್ನು ಬಿಟ್ಟ. ಕರೆಂಟೇ ಸಿಗದ ಆ ಕಾಗದದ ಮೇಲೂ ಅದು ತಡೆಯದೆ ಹಾದುಹೋಯಿತು.

"ನೋಡಿ, ಈ ಕೆಪಾಸಿಟರಲ್ಲಿ ಸ್ವಲ್ಪ ಕರೆಂಟು ಹಿಡಿದಿಟ್ಟಿರ್ತದೆ. ಧೂಳಿರಲಿ, ಎಂತ ಬೇಕಾದ್ರೂ ಇರಲಿ, ನಿಲ್ಲುವ ಮಾತೇ ಇಲ್ಲ. ಐದು ವರ್ಷ ನಿಮಗೆ ನನ್ನ ಅಂಗಡಿಯ ನೆನಪೇ ಬರ್ಲಿಕ್ಕಿಲ್ಲ."

ಕುಂಞಿಗೆ ಖುಷಿಯೋ ಖುಷಿ. ಮಗಳಿಗೇ ತೋರಿಸೋಣವೆಂದು ಅಲ್ಲಿಂದಲೇ ಕರೆ ಮಾಡಿದ. ಅರ್ಕಮ್ ತನ್ನ ಅಂಗಡಿಯ ಹಳಿಗೆ ಅವಳ ಮೊಬೈಲನ್ನು ಇಂಟರ್ನೆಟ್ಟಿನ ಮೂಲಕ ಜೋಡಿಸಿಕೊಟ್ಟ. ಉಪ್ಪಿನಂಗಡಿಯಲ್ಲಿ ಬೆರಳು ಸರಿಯಿತು, ಖಮೀಸಿನಲ್ಲಿ ಎಂಜಿನ್ನು ಹೊರಟಿತು. ಒಂದು ಸುತ್ತು, ಎರಡು ಸುತ್ತು. ಎಲ್ಲೂ ನಿಲ್ಲಲಿಲ್ಲ. ದುಆ ಕಣ್ಣು ಮಿಟುಕಿಸದೆ ಪರದೆಗೆ ಅಂಟಿಕೊಂಡಿದ್ದಳು.

"ಹಲ್ಲು ಬಿತ್ತಾ ಮೋಳೇ?" ಎಂದು ಕುಂಞಿ ಕೇಳಿದ.

"ಹ್ಞೂಂ."

"ಇವತ್ತು ಶಾಲೆಯಲ್ಲಿ ಎಂತ ಆಯ್ತು?"

"ಎಂತ ಇಲ್ಲ."

ಮೊದಲಾದರೆ ಹಾಗಲ್ಲ. ರೈಲು ನಿಂತಾಗ ಅವನು ಬಗ್ಗಿ, ಹಳಿ ಒರೆಸಿ, ದೂಡುವಷ್ಟರಲ್ಲಿ ಅವಳು ಶಾಲೆಯ ಜಗಳ, ಮದ್ರಸದ ಉಸ್ತಾದರ ಬೈಗಳು, ಉಮ್ಮ ಮುಚ್ಚಿಟ್ಟ ಮಿಠಾಯಿ, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿಬಿಡುತ್ತಿದ್ದಳು. ಕುಂಞಿ ಬೇಕೆಂದೇ ನಿಧಾನವಾಗಿ ಒರೆಸುತ್ತಿದ್ದುದೂ ಉಂಟು.

"ಉಪ್ಪಾ," ಎಂದಳು ದುಆ ಕೊನೆಗೂ, "ಇನ್ನು ನೀವು ಕೂತಿರ್ಬೇಕಂತಿಲ್ಲ. ರೂಮಲ್ಲಿ ಮೊಬೈಲ್ ಇಟ್ಟು ಮಲ್ಕೊಳ್ಳಿ. ರೈಲು ಅದರಷ್ಟಕ್ಕೇ ಓಡ್ತದೆ."

ಪ್ರೀತಿಯಿಂದಲೇ ಹೇಳಿದ್ದಳು. ಡ್ಯೂಟಿ ಮುಗಿಸಿ ದಣಿದು ಬರುವ ಅಪ್ಪನ ಮೇಲೆ ಆ ಮಗುವಿಗೆ ಕನಿಕರ. ಕುಂಞಿ ಆಮೇಲೆ ಫೋನ್ ಮಾಡುತ್ತೇನೆಂದು ಹೇಳಿ ಕರೆ ಕತ್ತರಿಸಿದ.

"ಅರ್ಕಮ್ ಭಾಯ್, ಆ ಕೆಪಾಸಿಟರ್ ತೆಗೆದ್ರೆ ಎಂತ ಆಗ್ತದೆ?"

"ಎಂತ ಆಗ್ತದೆ ಅಂದ್ರೆ? ಮೊದಲಿನ ಹಾಗೆ ಧೂಳು ಸಿಕ್ಕಿದಲ್ಲೆಲ್ಲ ನಿಲ್ತದೆ."

"ಸುಡುದಿಲ್ಲ ಅಲ್ವಾ?"

"ಇಲ್ಲ, ಸುಡುದಿಲ್ಲ."

"ಹಾಗಾದ್ರೆ ತೆಗೀರಿ."

ಅರ್ಕಮ್ ಕನ್ನಡಕವನ್ನು ಹಣೆಗೇರಿಸಿದ. "ತಲೆ ಸಮ ಉಂಟಾ ನಿಮ್ದು? ಜನ ಇದೊಂದು ಇರ್ಲಿ ಅಂತಲೇ ಒಳ್ಳೇ ಡಿಕೋಡರ್ ಹುಡುಕಿಕೊಂಡು ಬರ್ತಾರೆ. ನೀವು ಇದನ್ನೇ ತೆಗೀರಿ ಅಂತೀರಿ!"

"ರೈಲು ನಿಂತಾಗ ಮಾತ್ರ ಭಾಯ್ ಅವಳು ನನ್ನನ್ನು ಕರೆಯುದು," ಎಂದ ಕುಂಞಿ. "ಅದು ಓಡ್ತಾ ಇದ್ರೆ ನಾನು ಯಾರಿಗೆ ಬೇಕು?"

ಅರ್ಕಮನ ಮಕ್ಕಳಿಬ್ಬರೂ ಭಟ್ಕಳದಲ್ಲೇ ಓದುತ್ತಿದ್ದರು. ಅವನು ಮತ್ತೆ ವಾದಿಸಲಿಲ್ಲ. ಡ್ರಾಯರಿನಿಂದ ಕಟ್ಟರ್ ತೆಗೆದು ವಯರೆರಡನ್ನೂ ಕತ್ತರಿಸಿದ. ಎಂಜಿನ್ನಿನ ಮುಚ್ಚಳ ಹಾಕುವಾಗ ಮಾತ್ರ ವ್ಯಾಪಾರಿಯ ಮನಸ್ಸು ತಡೆಯಲಿಲ್ಲ.

"ಆದ್ರೂ ಹಳಿ ದಿನಾ ಒರೆಸಿ ಇಡಿ ಭಾಯ್. ಹೆಜ್ಜೆಗೊಮ್ಮೆ ನಿಂತ್ರೆ ಮಗುವಿಗೆ ಆಟವೇ ಬೇಡ ಅನಿಸೀತು."

"ದಿನಾ ಒರೆಸ್ತೇನೆ," ಎಂದ ಕುಂಞಿ, ಎಂಜಿನ್ನನ್ನು ಜೇಬಿಗೆ ಹಾಕಿಕೊಳ್ಳುತ್ತ. "ಒಂದು ಬೆರಳಗಲ ಬಿಟ್ಟು."